ಕುನ್ನಿಯ ಕೊರಳು: ಪಟ್ಟ ಮತ್ತು ಬಂಧ

‘ಪಟ್ಟ’ ಎಂಬ ಪದ ಕನ್ನಡದಲ್ಲಿ ಬಹು ದೂರ ನಡೆದು ಬಂದಿದೆ. ಮೂಲದಲ್ಲಿ ಅದು ಬಟ್ಟೆಯ ಅಥವಾ ಲೋಹದ ಒಂದು ಪಟ್ಟಿ. ಆ ಪಟ್ಟಿಯನ್ನು ಹಣೆಗೆ ಕಟ್ಟಿಸಿಕೊಂಡವನು ಅರಸನಾದ; ಆದುದರಿಂದಲೇ ನಾವು ಇಂದಿಗೂ ಪಟ್ಟ ‘ಕಟ್ಟು’ತ್ತೇವೆ. ಅರಸನ ಆನೆ ಪಟ್ಟದಾನೆ, ಹಿರಿಯ ರಾಣಿ ಪಟ್ಟದರಸಿ. ಹೊಲದ ಹಕ್ಕುಪತ್ರ ಪಟ್ಟಾ ಆಯಿತು, ಗಾಯಕ್ಕೆ ಸುತ್ತುವ ಅರಿವೆ ಪಟ್ಟಿಯಾಯಿತು. ರಾಯಚೂರಿನ ಬಜಾರಿನಲ್ಲಿ ದಖನಿ ಮಾತನಾಡುವವರು ನಾಯಿಯ ಕೊರಳಿಗೆ ಕಟ್ಟುವುದನ್ನೂ ‘ಪಟ್ಟಾ’ ಎಂದೇ ಕರೆಯುತ್ತಾರೆ. ಕನ್ನಡದವರ ಬಾಯಲ್ಲಿ ಅದೀಗ ‘ಬೆಲ್ಟು’. ಹಳೆಯ ಪುಸ್ತಕಗಳಲ್ಲಿ ಕೊರಳಪಟ್ಟಿ, ಕತ್ತುಪಟ್ಟಿ ಎಂಬ ರೂಪಗಳಿವೆ. ಅರಸನ ಹಣೆಯಿಂದ ಕುನ್ನಿಯ ಕೊರಳಿನವರೆಗೆ ಒಂದೇ ಪದ ಇಳಿದು ಬಂದುದು ಕೇವಲ ಭಾಷಾಶಾಸ್ತ್ರದ ಕುತೂಹಲವೆಂದು ನನಗೆ ತೋರುವುದಿಲ್ಲ. ಕಟ್ಟುವುದರಲ್ಲಿ ಮನ್ನಣೆಯೂ ಇದೆ, ಹಿಡಿತವೂ ಇದೆ. ಕನ್ನಡ ನಾಡಿನ ಶಾಸನ ಹಾಗೂ ಕಾವ್ಯಗಳಲ್ಲಿ ನಾಯಿ ಈ ಎರಡರ ನಡುವೆಯೇ ನಿಂತಿದೆ.

ಮನ್ನಣೆಯ ಮಾತು ಬಂದಾಗ ಆತಕೂರಿನ ಶಾಸನವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ನಿಲ್ಲಿಸಿದ್ದ ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಕ್ರಿ.ಶ. 949-50. ರಾಷ್ಟ್ರಕೂಟರ ಮೂರನೆಯ ಕೃಷ್ಣನು ಚೋಳ ರಾಜಾದಿತ್ಯನ ಮೇಲೆ ತಕ್ಕೋಲದಲ್ಲಿ ಯುದ್ಧ ಮಾಡಿದಾಗ ಅವನ ಪಕ್ಷದಲ್ಲಿ ಗಂಗ ಎರಡನೆಯ ಬೂತುಗನಿದ್ದನು. ಬೂತುಗನ ಬಂಟ ಸಗರ ವಂಶದ ಮಣಲೆರ. ಅವನ ಪರಾಕ್ರಮಕ್ಕೆ ಮೆಚ್ಚಿ ಅರಸನು ಬೇಕಾದುದನ್ನು ಬೇಡೆಂದಾಗ ಮಣಲೆರನು ಬೇಡಿದ್ದು ನಾಡನ್ನಲ್ಲ, ಹೊನ್ನನ್ನಲ್ಲ. ‘ಕಾಳಿ’ ಎಂಬ ಹೆಸರಿನ ನಾಯಿಯನ್ನು. ಪಡೆದ ನಾಯಿಯನ್ನು ಕೆಳಲೆ ನಾಡಿನ ಬೆಳತೂರಿನ ಪಡುವಣ ಗುಡ್ಡದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಜೊತೆಯಾಗಿ ಸತ್ತವು. ಕಲ್ಲನ್ನು ನಿಲ್ಲಿಸಿ, ಹಿರಿಯ ಕೆರೆಯ ಕೆಳಗೆ ಎರಡು ಕಂಡುಗ ಮಣ್ಣನ್ನು ಅದಕ್ಕೆ ಕೊಡಲಾಯಿತು. ಅಲ್ಲಿಯ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೆ ಪಾಪವೆಂದೂ ಶಾಸನ ಎಚ್ಚರಿಸುತ್ತದೆ.

ತಕ್ಕೋಲದ ಯುದ್ಧದ ಕಾಲನಿರ್ಣಯಕ್ಕಾಗಿ, ಬೂತುಗನಿಗೆ ದೊರೆತ ನಾಡುಗಳ ಪಟ್ಟಿಗಾಗಿ ಈ ಶಾಸನವನ್ನು ಇತಿಹಾಸಕಾರರು ಮತ್ತೆ ಮತ್ತೆ ಓದಿದ್ದಾರೆ. ನಾಯಿಯನ್ನು ಒಂದು ಸ್ವಾರಸ್ಯದ ಅಡಿಟಿಪ್ಪಣಿಯಾಗಿಸಿ ಮುಂದೆ ಸಾಗುವುದು ವಾಡಿಕೆ. ಆದರೆ ಸಾಹಿತ್ಯದ ವಿದ್ಯಾರ್ಥಿ ಇಲ್ಲಿ ಕ್ರಿಯಾಪದದ ಬಳಿ ನಿಲ್ಲಬೇಕು. ನಾಯಿಯನ್ನು ಹಂದಿಯ ಮೇಲೆ ‘ಬಿಟ್ಟರು’. ಹಿಡಿದಿದ್ದನ್ನು ಮಾತ್ರ ಬಿಡಲು ಸಾಧ್ಯ. ಹೆಸರು, ಕೊಟ್ಟವನು, ಪಡೆದವನು, ಸತ್ತ ಗುಡ್ಡ, ದತ್ತಿಯ ಭೂಮಿ ಎಲ್ಲವನ್ನೂ ನಮೂದಿಸುವ ಶಾಸನ ಕೊರಳನ್ನು ಹಿಡಿದಿದ್ದ ಬಾರಿನ ವಿಷಯವನ್ನು ಆ ಒಂದು ಪದದಲ್ಲಿ ಅಡಗಿಸಿ ಸುಮ್ಮನಾಗುತ್ತದೆ. ವೀರನ ಸಾಲಿಗೆ ಸೇರಿದ ಪ್ರಾಣಿಯ ಹಗ್ಗವನ್ನು ಯಾರು ತಾನೆ ಬರೆಯುತ್ತಾರೆ?

ಕೃಷ್ಣನ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ. ನಮ್ಮ ರಾಯಚೂರಿನಿಂದ ಉತ್ತರಕ್ಕೆ ಹೆಚ್ಚು ದೂರವಿಲ್ಲ. ಆ ಕಾಲದಲ್ಲಿಯೇ ಇನ್ನೊಂದು ನಾಯಿ ಸಾಹಿತ್ಯದೊಳಗೆ ಓಡಾಡುತ್ತಿತ್ತು ಎಂಬುದನ್ನು ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದವರು ಮಾತ್ರ ಗಮನಿಸುತ್ತಾರೆ. ಸೋಮದೇವಸೂರಿಯು ‘ಯಶಸ್ತಿಲಕ’ವನ್ನು ಮುಗಿಸಿದ್ದು ಶಕ 881ರಲ್ಲಿ, ಕ್ರಿ.ಶ. 959ರಲ್ಲಿ, ಅದೇ ಕೃಷ್ಣನು ಚೋಳ, ಪಾಂಡ್ಯರನ್ನು ಗೆದ್ದು ಮೇಲ್ಪಾಡಿಯಲ್ಲಿ ಬೀಡುಬಿಟ್ಟಿದ್ದಾಗ. ಆತಕೂರಿನ ಕಲ್ಲು ನಿಂತು ಹತ್ತು ವರ್ಷವೂ ಕಳೆದಿರಲಿಲ್ಲ. ಮಾನ್ಯಖೇಟದಲ್ಲಿಯೇ ಇದ್ದ ಪುಷ್ಪದಂತನು ಅದೇ ಕಥೆಯನ್ನು ಅಪಭ್ರಂಶದಲ್ಲಿ ‘ಜಸಹರಚರಿಉ’ ಎಂದು ಬರೆದನು. ಕನ್ನಡದಲ್ಲಿ ಜನ್ನನ ‘ಯಶೋಧರ ಚರಿತೆ’ ಬಂದದ್ದು 1209ರಲ್ಲಿ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಯ ಫಲವಾಗಿ ಯಶೋಧರನು ನವಿಲಾಗಿಯೂ ಅವನ ತಾಯಿ ಚಂದ್ರಮತಿ ನಾಯಿಯಾಗಿಯೂ ಹುಟ್ಟುತ್ತಾರೆ. ಎರಡೂ ಕಾಣಿಕೆಯಾಗಿ ಬಂದು ಸೇರುವುದು ಯಶೋಧರನ ಮಗನ ಅರಮನೆಯನ್ನೇ. ನಾಯಿ ನವಿಲನ್ನು ಕೊಲ್ಲುತ್ತದೆ. ಅರಸನ ಪೆಟ್ಟಿಗೆ ನಾಯಿ ಸಾಯುತ್ತದೆ. ಮೊಮ್ಮಗನು ಅಜ್ಜಿಯನ್ನು ಕೊಂದನು. ಅದು ಅವನಿಗೆ ಗೊತ್ತಿಲ್ಲ.

ಎರಡು ಕಡೆಯೂ ನಾಯಿ ಅರಮನೆಯ ಕಾಣಿಕೆಯೇ. ಒಂದು ಕಡೆ ಅರಸನು ಕೊಡುತ್ತಾನೆ, ಇನ್ನೊಂದು ಕಡೆ ಅರಸನು ಪಡೆಯುತ್ತಾನೆ. ಒಂದರಲ್ಲಿ ನಾಯಿಯ ಸಾವಿಗೆ ಕಲ್ಲು ಮತ್ತು ನಿತ್ಯಪೂಜೆ. ಇನ್ನೊಂದರಲ್ಲಿ ಅದೇ ಸಾವು ಒಂದು ಕುಟುಂಬದ ಒಳಗಿನ ಕೊಲೆ. ಬೇಟೆಯನ್ನು ಶೌರ್ಯವೆಂದು ಕಂಡ ಸಮಾಜವೂ ಅದನ್ನು ಹಿಂಸೆಯೆಂದು ಕಂಡ ಸಮಾಜವೂ ಒಂದೇ ಅರಸನ ನೆರಳಿನಲ್ಲಿ ಬಾಳುತ್ತಿದ್ದವು. ರಾಷ್ಟ್ರಕೂಟ ಯುಗವನ್ನು ಒಂದೇ ಬಣ್ಣದಲ್ಲಿ ಬಳಿಯುವವರು ಈ ಎರಡು ನಾಯಿಗಳನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಅನಂತರದ ಕಲ್ಯಾಣ ಚಾಲುಕ್ಯರ ಕಾಲಕ್ಕೆ ಬಂದರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ನಾಯಿಗಳಿಗೆಂದೇ ‘ಸಾರಮೇಯ ವಿನೋದ’ ಎಂಬ ಪ್ರಕರಣವಿದೆ. ಅರಸನ ಇಪ್ಪತ್ತು ವಿನೋದಗಳಲ್ಲಿ ಆನೆ, ಕುದುರೆ, ಮಲ್ಲರ ಸಾಲಿನಲ್ಲಿಯೇ ನಾಯಿಯೂ ನಿಂತಿದೆ. ಯಾವ ದೇಶದ ನಾಯಿ ಹೇಗಿರುತ್ತದೆ ಎಂಬ ವಿವೇಚನೆ ಹನ್ನೆರಡನೆಯ ಶತಮಾನದ ಅರಸನಿಗೇ ಬೇಕಾಗಿತ್ತು ಎಂದಮೇಲೆ, ಇಂದು ಮರಿ ಕೊಳ್ಳುವಾಗ ತಳಿ ವಿಚಾರಿಸುವವರನ್ನು ನಾವು ನಗುವಂತಿಲ್ಲ.

ಈಗ ‘ಬಂಧ’ದ ಕಡೆಗೆ. ದೇವದುರ್ಗದ ಕಡೆಯ ಸಂಶೋಧನ ವಿದ್ಯಾರ್ಥಿಯೊಬ್ಬರು ವೀರಗಲ್ಲುಗಳ ಕುರಿತು ಮಾತನಾಡಲು ಬಂದಿದ್ದಾಗ, ಮಾತಿನ ನಡುವೆ, “ಸರ್, ಮನೆಯಲ್ಲಿ ಎರಡು ತಿಂಗಳ ಕುನ್ನಿ ತಂದೀವ್ರಿ. ಬೆಲ್ಟು ಈಗ ಸಣ್ಣದು ತಗೊಳ್ಳೋದೋ, ಬೆಳೀತದಂತ ದೊಡ್ಡದೇ ತಗೊಳ್ಳೋದೋ?” ಎಂದು ಕೇಳಿದರು. (ದಕ್ಷಿಣದವರು ‘ಮರಿ’ ಎನ್ನುವಲ್ಲಿ ನಮ್ಮ ಕಡೆ ಹಳಗನ್ನಡದ ‘ಕುನ್ನಿ’ ಇನ್ನೂ ಬದುಕಿದೆ, ಅತ್ತ ಅದು ಬೈಗುಳಕ್ಕಷ್ಟೇ ಉಳಿದಿದೆ.) ಪ್ರಶ್ನೆ ಅಂಗಡಿಯದು. ಆದರೆ ಅದಕ್ಕೆ ಉತ್ತರ ಹುಡುಕಿದವರಲ್ಲಿ ಪ್ರಾಚೀನರೂ ಇದ್ದಾರೆ.

ಉಮಾಸ್ವಾಮಿಯ ‘ತತ್ತ್ವಾರ್ಥಸೂತ್ರ’ದ ಏಳನೆಯ ಅಧ್ಯಾಯವು ಗೃಹಸ್ಥನ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಕಟ್ಟಿಹಾಕುವುದು, ಹೊಡೆಯುವುದು, ಅವಯವಗಳನ್ನು ಕತ್ತರಿಸುವುದು, ಶಕ್ತಿ ಮೀರಿ ಹೊರಿಸುವುದು, ಅನ್ನನೀರನ್ನು ತಡೆಯುವುದು. ಮೊದಲನೆಯದೇ ಬಂಧ. ಪೂಜ್ಯಪಾದರ ‘ಸರ್ವಾರ್ಥಸಿದ್ಧಿ’ಯು ಬಂಧವನ್ನು ವಿವರಿಸುವ ರೀತಿ ಸೂಕ್ಷ್ಮವಾದುದು: ಪ್ರಾಣಿಯು ತಾನು ಬಯಸಿದೆಡೆಗೆ ಹೋಗುವುದನ್ನು ತಡೆಯುವುದು ಯಾವುದೋ ಅದು ಬಂಧ. ಹಗ್ಗ, ಸರಪಳಿ, ಗೂಡು ಯಾವುದಾದರೂ ಆಗಬಹುದು. ಅಳತೆಗೋಲು ಪ್ರಾಣಿಯ ಇಚ್ಛೆ. ಹಾಗಾದರೆ ದನ ಕಟ್ಟುವ ರೈತ ಏನು ಮಾಡಬೇಕು? ಈ ಕಷ್ಟವನ್ನು ಶ್ವೇತಾಂಬರ ಆಚಾರ್ಯರ ವ್ಯಾಖ್ಯಾನಗಳು ಎದುರಿಸಿವೆ. ಅವರು ಬಂಧವನ್ನು ನಿರಪೇಕ್ಷ, ಸಾಪೇಕ್ಷ ಎಂದು ಬೇರ್ಪಡಿಸಿದರು. ಅಲುಗಾಡದಂತೆ ಬಿಗಿದು ಕಟ್ಟಿದ್ದು ನಿರಪೇಕ್ಷ. ಸಡಿಲವಾದ ಗಂಟಿನಿಂದ, ಬೆಂಕಿ ಬಿದ್ದರೆ ತಕ್ಷಣ ಬಿಚ್ಚಬಹುದಾದ ಅಥವಾ ಕಡಿಯಬಹುದಾದ ರೀತಿಯಲ್ಲಿ ಕಟ್ಟಿದ್ದು ಸಾಪೇಕ್ಷ. ಬೆಂಕಿಯ ಈ ಉದಾಹರಣೆ ಕೊಟ್ಟಿಗೆಯನ್ನು ಕಣ್ಣಾರೆ ಕಂಡವರದು, ಬರಿಯ ತರ್ಕದ್ದಲ್ಲ. ನಾಯಿ, ಬೆಕ್ಕುಗಳಂತಹ ಬೇಟೆಯಾಡುವ ಪ್ರಾಣಿಗಳನ್ನು ಸಾಕುವುದನ್ನೇ ಶ್ರಾವಕಾಚಾರ ಗ್ರಂಥಗಳು ಮೆಚ್ಚುವುದಿಲ್ಲ ಎಂಬುದನ್ನೂ ಮರೆಮಾಚಬೇಕಾಗಿಲ್ಲ. ಆದರೂ ಜೀವಂಧರನ ಕಥೆಯಲ್ಲಿ ಪೆಟ್ಟು ತಿಂದು ಸಾಯುತ್ತಿರುವ ನಾಯಿಯ ಕಿವಿಯಲ್ಲಿ ನಾಯಕನು ಪಂಚನಮಸ್ಕಾರವನ್ನು ಹೇಳುತ್ತಾನೆ, ಅದು ಯಕ್ಷನಾಗಿ ಹುಟ್ಟಿ ಅವನ ಜೀವನವಿಡೀ ಋಣ ತೀರಿಸುತ್ತದೆ. 1424ರ ಭಾಸ್ಕರ ಕವಿಯ ‘ಜೀವಂಧರ ಚರಿತೆ’ಯನ್ನು ಓದಿದವರಿಗೆ ಈ ಯಕ್ಷ ಪರಿಚಿತ. ಸಾಕಬಾರದು ಎಂದ ಪರಂಪರೆಯೇ, ಬಾಗಿಲಿಗೆ ಬಂದ ಪ್ರಾಣಿಯ ಹೊಣೆಯನ್ನು ಹೀಗೆ ಒಪ್ಪಿಕೊಂಡಿದೆ.

ಕುತೂಹಲಕ್ಕೆ ದೂರದ ಒಂದು ಸಾಕ್ಷ್ಯ. ರೋಮಿನ ವಾರೋ ಕ್ರಿ.ಪೂ. 37ರಲ್ಲಿ ಬರೆದ ಕೃಷಿಗ್ರಂಥದಲ್ಲಿ ಕುರಿ ಕಾಯುವ ನಾಯಿಯ ಕೊರಳಪಟ್ಟಿಯ ವರ್ಣನೆಯಿದೆ. ಗಟ್ಟಿ ತೊಗಲಿನ ಪಟ್ಟಿ, ಅದರಲ್ಲಿ ಹೊರಮುಖವಾಗಿ ಮೊಳೆಗಳು. ತೋಳ ಕೊರಳಿಗೆ ಬಾಯಿ ಹಾಕದಿರಲೆಂದು. ಆದರೆ ಮೊಳೆಯ ತಲೆಗಳ ಕೆಳಗೆ, ಕಬ್ಬಿಣ ನಾಯಿಯ ಚರ್ಮಕ್ಕೆ ತಾಗದಂತೆ, ಮೆತ್ತನೆಯ ತೊಗಲಿನ ಅಸ್ತರಿಯನ್ನು ಹೊಲಿಯಬೇಕೆಂದು ಅವನು ಹೇಳುತ್ತಾನೆ. ಪಟ್ಟಿಗೆ ಹೊರಗೊಂದು ಮುಖ, ಒಳಗೊಂದು ಮುಖ. ಹೊರಗಿನದು ನೋಡುವವರಿಗೆ, ಒಳಗಿನದು ತೊಡುವ ಪ್ರಾಣಿಗೆ. ನಮ್ಮ ಅಂಗಡಿಗಳಲ್ಲಿ ತೂಗುಹಾಕಿರುವ ಮಿಂಚುವ ಮೊಳೆಯ ಬೆಲ್ಟುಗಳನ್ನು ಒಮ್ಮೆ ಮಗುಚಿ ಒಳಗೆ ಬೆರಳಾಡಿಸಿ ನೋಡಿದರೆ, ಎರಡು ಸಾವಿರ ವರ್ಷಗಳ ಹಿಂದಿನ ಆ ಅಸ್ತರಿ ಎಷ್ಟರಲ್ಲಿ ಉಳಿದಿದೆ ಎಂಬುದು ತಿಳಿಯುತ್ತದೆ.

ಕಲ್ಯಾಣ ಕರ್ನಾಟಕದ ಜನಪದವೂ ಈ ಬಂಧವನ್ನು ಬಲ್ಲುದು. ಮೈಲಾರಲಿಂಗನ ಗೊರವರು, ವಗ್ಗಯ್ಯಗಳು ದೇವರ ನಾಯಿಗಳೆಂದು ತಮ್ಮನ್ನು ಕರೆದುಕೊಂಡು ಬೊಗಳುತ್ತಾರೆ. ಯಾದಗಿರಿ ಸಮೀಪದ ಮೈಲಾಪುರದ ಮಲ್ಲಯ್ಯನ ಸಂಕ್ರಾಂತಿ ಜಾತ್ರೆಯಲ್ಲಿ ಕಬ್ಬಿಣದ ಸರಪಳಿ ಹರಿಯುವುದನ್ನು ನೋಡಲೆಂದೇ ಜನ ಸೇರುತ್ತಾರೆ. ಆತಕೂರಿನಲ್ಲಿ ನಾಯಿಯ ಕಲ್ಲನ್ನು ಪೂಜಿಸಬೇಕಾದವನೂ ‘ಗೊರವ’ನೇ. ಶಾಸನದ ಗೊರವ ಶೈವ ತಪಸ್ವಿ. ಸಾವಿರ ವರ್ಷಗಳ ಅಂತರವನ್ನು ಒಂದು ಪದದ ಸಾಮ್ಯದಿಂದ ದಾಟುವುದು ಸಂಶೋಧನೆಯಲ್ಲ. ಪದ ಸಾಮ್ಯವನ್ನು ಗುರುತಿಸಿ ಅಲ್ಲಿಯೇ ನಿಲ್ಲುವುದು ಸರಿ.

ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಬೆಳೆಯುವ ಕುನ್ನಿಗೆ ದೊಡ್ಡದನ್ನು ಕೊಂಡರೆ ಅದು ತಲೆಯಿಂದ ಜಾರಿ ಹೋಗುತ್ತದೆ, ಇಲ್ಲವೇ ಕೆಳದವಡೆ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಈಗಿನ ಕೊರಳಿಗೆ ಸರಿಹೊಂದುವ ಸಣ್ಣದು ತಿಂಗಳೊಳಗೆ ಬಿಗಿಯಾಗುತ್ತದೆ. ಮಾನ್ವಿಯ ಬೀದಿಯೊಂದರಲ್ಲಿ ಆರೇಳು ತಿಂಗಳ ಒಂದು ಹೆಣ್ಣುಕುನ್ನಿಯನ್ನು ಕಂಡಿದ್ದೇನೆ. ಮಕ್ಕಳು ಎಂದೋ ಅಕ್ಕರೆಯಿಂದ ಕಟ್ಟಿದ್ದ ಪ್ಲಾಸ್ಟಿಕ್ ದಾರ. ಕುನ್ನಿ ಬೆಳೆಯಿತು, ದಾರ ಬೆಳೆಯಲಿಲ್ಲ. ರೋಮದಡಿ ಮರೆಯಾಗಿ ಅದು ಚರ್ಮವನ್ನು ಕೊಯ್ದು ಒಳಗೆ ಇಳಿದಿತ್ತು. ವಾಸನೆ ಬಂದ ಮೇಲೆಯೇ ಓಣಿಯವರಿಗೆ ತಿಳಿದದ್ದು. ಪಶುವೈದ್ಯರು ಅರಿವಳಿಕೆ ಕೊಟ್ಟು ದಾರವನ್ನು ತೆಗೆದರು. ಹೊಡೆದವರಿಲ್ಲ, ಬೈದವರಿಲ್ಲ. ಸೂತ್ರಕಾರರು ಬಂಧವನ್ನು ಹೊಡೆತಕ್ಕಿಂತ ಮೊದಲು ಇಟ್ಟದ್ದರ ಅರ್ಥ ನನಗೆ ತರಗತಿಯಲ್ಲಿ ಪಾಠ ಹೇಳುವಾಗ ಹೊಳೆದಿರಲಿಲ್ಲ. ಆ ಕೊರಳನ್ನು ಕಂಡಾಗ ಹೊಳೆಯಿತು.

ಆದ್ದರಿಂದ ಮೊದಲ ಪಟ್ಟಿ ಹಗುರವಾದ, ಚಪ್ಪಟೆಯಾದ, ಹಿಗ್ಗಿಸಲು ಕುಗ್ಗಿಸಲು ಬರುವ ನೈಲಾನಿನದಾಗಿರಲಿ. ಬೆಲೆಯೂ ಕಡಿಮೆ, ವರ್ಷದೊಳಗೆ ಎರಡು ಮೂರು ಬಾರಿ ಬದಲಿಸಿದರೂ ಹೊರೆಯಾಗದು. ಕೊರಳಿಗೂ ಪಟ್ಟಿಗೂ ನಡುವೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಈ ಬೆರಳ ಪರೀಕ್ಷೆಯನ್ನು ಆರು ತಿಂಗಳು ತುಂಬುವವರೆಗೆ ವಾರವಾರವೂ ಮಾಡಬೇಕು. ಸಣ್ಣ ತಳಿಗಳು ವರ್ಷದೊಳಗೆ ಬೆಳವಣಿಗೆ ಮುಗಿಸಿದರೆ ದೊಡ್ಡ ತಳಿಗಳು ಒಂದೂವರೆ ವರ್ಷದವರೆಗೂ ಬೆಳೆಯುತ್ತವೆ. ತೊಗಲಿನದನ್ನು ಆಮೇಲೆ ಕೊಳ್ಳಬಹುದು. ತೋಯ್ದು ಒಣಗಿದ ತೊಗಲು ಬಿರುಸಾಗುತ್ತದೆ. ರಾಯಚೂರಿನ ಮೇ ತಿಂಗಳ ಬಿಸಿಲಲ್ಲಿ ಕಬ್ಬಿಣದ ಸರಪಳಿಯೂ ಕೊಂಡಿಯೂ ಕೈಯಿಂದ ಮುಟ್ಟಲಾಗದಷ್ಟು ಕಾಯುತ್ತವೆ ಎಂಬುದು ನೆನಪಿರಲಿ. ಎಳೆಯುವ ಕುನ್ನಿಯನ್ನು ಕೊರಳಿನಿಂದ ಜಗ್ಗಿದರೆ ಶ್ವಾಸನಾಳಕ್ಕೆ ಪೆಟ್ಟು; ನಡೆದಾಡಿಸಲು ಎದೆಗೆ ಹಾಕುವ ಪಟ್ಟಿ ಮೇಲು. ಎರಡು ಕುನ್ನಿಗಳು ಕಚ್ಚಾಡಿ ಆಡುವಾಗ ಒಂದರ ಹಲ್ಲು ಇನ್ನೊಂದರ ಪಟ್ಟಿಗೆ ಸಿಕ್ಕಿಕೊಳ್ಳುವುದುಂಟು, ಆಟಕ್ಕೆ ಬಿಡುವಾಗ ಬಿಚ್ಚಿಡುವುದು ಕ್ಷೇಮ. ಉಣ್ಣೆಗಳು ಪಟ್ಟಿಯ ಅಡಿಯಲ್ಲಿಯೇ ಅಡಗುತ್ತವೆ. ಬಿಚ್ಚಿದಾಗ ಅದನ್ನೂ ನೋಡಬಹುದು.

ಕಾನೂನೂ ಇಲ್ಲಿ ಮೌನವಾಗಿಲ್ಲ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮದ 11ನೆಯ ಕಲಮು, ಅತಿ ಗಿಡ್ಡವಾದ ಅಥವಾ ಅತಿ ಭಾರವಾದ ಸರಪಳಿ, ಹಗ್ಗಗಳಲ್ಲಿ ಪ್ರಾಣಿಯನ್ನು ವಿವೇಚನೆಯಿಲ್ಲದಷ್ಟು ಹೊತ್ತು ಕಟ್ಟಿಹಾಕುವುದನ್ನು ಕ್ರೌರ್ಯವೆಂದು ಎಣಿಸುತ್ತದೆ. ಸದಾ ಕಟ್ಟಿಹಾಕಿದ ನಾಯಿಯನ್ನು ಅಡ್ಡಾಡಿಸದೆ ಇರುವುದೂ ಅದರಲ್ಲಿ ಪ್ರತ್ಯೇಕವಾಗಿ ಸೇರಿದೆ. ಗಿಡ್ಡ, ಭಾರ, ಹೊತ್ತು: ಈ ಮೂರು ಅಳತೆಗಳು ಸಾಪೇಕ್ಷ ಬಂಧದ ಚರ್ಚೆಗೆ ಎಷ್ಟು ಹತ್ತಿರವಾಗಿವೆ ಎಂಬುದರ ಮೇಲೆ ಯಾರಾದರೂ ಒಂದು ಪ್ರಬಂಧವನ್ನೇ ಬರೆಯಬಹುದು.

ಮುಧೋಳದ ತಳಿಯ ಮರಿಯನ್ನು ತಂದವರಿಗೆ ಒಂದು ಮಾತು ಉಳಿದಿದೆ. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಚೀಟಿ ಹೊರಡಿಸಿದ ನಾಲ್ಕು ದೇಶಿ ತಳಿಗಳಲ್ಲಿ ಇದೂ ಒಂದು. ಇದರ ತಲೆ ಕಿರಿದು, ಕೊರಳು ಉದ್ದ. ತಲೆಗಿಂತ ಕೊರಳೇ ದಪ್ಪವಾಗಿರುವುದರಿಂದ ಸಾಮಾನ್ಯ ಬೆಲ್ಟಿನಿಂದ ಹಿಂದಕ್ಕೆ ಜಗ್ಗಿಕೊಂಡು ಸುಲಭವಾಗಿ ಹೊರಬರುತ್ತದೆ. ಜಾರುತ್ತದೆಂದು ಬಿಗಿದರೆ ಉಸಿರು ಕಟ್ಟುತ್ತದೆ. ಇದಕ್ಕೆ ಬೇಕಾದದ್ದು ಅಗಲವಾದ ಪಟ್ಟಿ, ಎಳೆದಾಗ ಮಾತ್ರ ಒಂದು ಮಿತಿಯವರೆಗೆ ಕಿರಿದಾಗಿ ಬಿಟ್ಟಾಗ ಸಡಿಲಗೊಳ್ಳುವಂಥದು. ಅಂಗಡಿಯಲ್ಲಿ ಸಿಗದಿದ್ದರೆ ಚಪ್ಪಲಿ ಹೊಲಿಯುವವರ ಬಳಿ ಕುನ್ನಿಯನ್ನೇ ಕರೆದುಕೊಂಡು ಹೋಗಿ ಅಳತೆ ಕೊಟ್ಟು, ಒಳಗೆ ಮೆತ್ತನೆಯ ತೊಗಲು ಹಚ್ಚಿಸಿ, ಬೆಳವಣಿಗೆಗೆಂದು ಮುಂದೆ ನಾಲ್ಕು ತೂತುಗಳನ್ನು ಹೆಚ್ಚಾಗಿಯೇ ಹೊಡೆಸಿಕೊಳ್ಳಬಹುದು.