ಮಧುಮೇಹಿಗಳ ರಕ್ತದೊತ್ತಡ ಮತ್ತು ಸಂಯುಕ್ತ ಔಷಧ ಚಿಕಿತ್ಸೆ: ಒಂದು ಚಾರಿತ್ರಿಕ ಸಮೀಕ್ಷೆ

ಮಧುಮೇಹದೊಡನೆ ರಕ್ತದ ಒತ್ತಡವೂ ಏರಿದ ರೋಗಿಗೆ ಇಂದು ವೈದ್ಯರು ಎರಡು ಇಲ್ಲವೆ ಮೂರು ಬಗೆಯ ಔಷಧಗಳನ್ನು ಒಟ್ಟಿಗೆ ಕೊಡುವುದು ಸಾಮಾನ್ಯವಾಗಿದೆ. ಇದನ್ನು ಕಂಡ ಮನೆಯವರು ರೋಗವು ಉಲ್ಬಣಿಸಿತೆಂದೋ, ತಕ್ಕ ಔಷಧವೊಂದು ವೈದ್ಯರಿಗೆ ದೊರೆಯಲಿಲ್ಲವೆಂದೋ ಶಂಕಿಸುವುದುಂಟು. ಈ ಪದ್ಧತಿಯು ಹೇಗೆ ರೂಪುಗೊಂಡಿತು, ಯಾವ ಪ್ರಮಾಣಗಳ ಮೇಲೆ ನಿಂತಿದೆ, ಅದರ ಎಲ್ಲೆ ಯಾವುದು ಎಂಬುದನ್ನು ಪ್ರಕೃತ ಲೇಖನದಲ್ಲಿ ಸಂಗ್ರಹವಾಗಿ ಪರಿಶೀಲಿಸಲು ಯತ್ನಿಸಿದ್ದೇವೆ.

ಪದ್ಧತಿಯ ಮೂಲವನ್ನು ನಾವು ಮಧುಮೇಹದ ಚಿಕಿತ್ಸೆಯಲ್ಲಿ ಅರಸಬೇಕಾಗಿಲ್ಲ. ಅದು ರಕ್ತದೊತ್ತಡದ ಮೊದಲ ಔಷಧಗಳ ದೋಷದಲ್ಲಿಯೇ ಇದ್ದಿತು. 1949ರಲ್ಲಿ ಮುಂಬಯಿಯ ವೈದ್ಯರಾದ ರುಸ್ತುಂ ಜಾಲ್ ವಕೀಲರು ಸರ್ಪಗಂಧಿಯ ಬೇರಿನಿಂದ ಒತ್ತಡವು ಇಳಿಯುವುದನ್ನು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ನಿರೂಪಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ವಿಜ್ಞಾನಿಗಳು ಅದರಿಂದ ರಿಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. ಹೈಡ್ರಲಜೀನ್ ಅದೇ ಕಾಲದ ಇನ್ನೊಂದು ಔಷಧ. ಮೂತ್ರವನ್ನು ಹೆಚ್ಚಿಸುವ ಥಯಾಜೈಡ್ ಔಷಧಗಳು ಆ ದಶಕದ ಕೊನೆಯಲ್ಲಿ ಬಳಕೆಗೆ ಬಂದವು. ರಿಸರ್ಪಿನ್ನಿನ ಪ್ರಮಾಣವನ್ನು ಏರಿಸಿದರೆ ಮನಸ್ಸು ಕುಗ್ಗುತ್ತಿತ್ತು. ಹೈಡ್ರಲಜೀನ್ ರಕ್ತನಾಳಗಳನ್ನು ಸಡಿಲಿಸುತ್ತಿತ್ತು. ಆದರೆ ಅದಕ್ಕೆ ಪ್ರತಿಯಾಗಿ ಎದೆಬಡಿತವು ಏರಿ, ಉಪ್ಪು ನೀರುಗಳು ದೇಹದಲ್ಲಿ ನಿಲ್ಲುತ್ತಿದ್ದವು. ಥಯಾಜೈಡ್ ಆ ಉಪ್ಪು ನೀರನ್ನು ಹೊರಹಾಕಿದರೆ ರಿಸರ್ಪಿನ್ ಎದೆಬಡಿತವನ್ನು ತಗ್ಗಿಸುತ್ತಿತ್ತು. ಆದುದರಿಂದ ಒಂದು ಔಷಧದ ಕೊರತೆಯನ್ನು ಇನ್ನೊಂದು ತುಂಬುವಂತೆ, ಮೂರನ್ನೂ ಮಿತವಾಗಿ ಕೂಡಿಸುವ ಕ್ರಮವು ಬೆಳೆಯಿತು.

ಈ ಕ್ರಮಕ್ಕೆ ದೃಢವಾದ ಪ್ರಮಾಣವು 1967ರಲ್ಲಿ ದೊರೆಯಿತು. ಅಮೆರಿಕದ ಮಾಜಿ ಯೋಧರ ಆಸ್ಪತ್ರೆಗಳಲ್ಲಿ ಎಡ್ವರ್ಡ್ ಫ್ರೈಸ್ ಅವರ ನೇತೃತ್ವದಲ್ಲಿ ನಡೆದ ಪರೀಕ್ಷೆಯಲ್ಲಿ, ಒತ್ತಡವು ಬಹಳ ಏರಿದ್ದ 143 ಪುರುಷರನ್ನು ಎರಡು ಪಂಗಡಗಳಾಗಿ ವಿಂಗಡಿಸಲಾಯಿತು. ಹುಸಿಮಾತ್ರೆ ಪಡೆದವರಲ್ಲಿ 27 ಮಂದಿಗೆ ಗಂಭೀರ ಆಪತ್ತುಗಳು ಸಂಭವಿಸಿದರೆ, ಮೂರು ಔಷಧಗಳನ್ನು ಒಟ್ಟಿಗೆ ಪಡೆದವರಲ್ಲಿ ಅಂತಹವರು ಇಬ್ಬರು ಮಾತ್ರ.

ಆದರೆ ಇದು ಮಧುಮೇಹಿಗಳಿಗೆಂದು ನಡೆದ ಪರೀಕ್ಷೆಯಲ್ಲ. ಅವರ ವಿಷಯದಲ್ಲಿ ವೈದ್ಯರು ಹಿಂಜರಿದುದಕ್ಕೆ ಸಕಾರಣವಿದ್ದಿತು. ಥಯಾಜೈಡ್ ರಕ್ತದ ಸಕ್ಕರೆಯನ್ನು ಏರಿಸಬಲ್ಲುದು. ಅನಂತರ ಬಂದ ಬೀಟಾ ತಡೆ ಔಷಧಗಳು ಸಕ್ಕರೆ ಕುಸಿದಾಗ ಎಚ್ಚರಿಸುವ ಎದೆಬಡಿತವನ್ನೇ ಮರೆಮಾಡಬಲ್ಲವು. ಒಂದು ರೋಗವನ್ನು ತಗ್ಗಿಸಲು ಹೋಗಿ ಇನ್ನೊಂದನ್ನು ಬೆಳೆಸಿದಂತಾಗದೆ ಎಂಬುದೇ ಅಂದಿನ ಪ್ರಶ್ನೆ. ಇದಕ್ಕೆ ಮೊದಲ ಉತ್ತರವು ಮೂತ್ರಪಿಂಡದ ಅಧ್ಯಯನದಿಂದ ಬಂದಿತು. ಡೆನ್ಮಾರ್ಕಿನ ಮೊಗೆನ್ಸೆನ್ ಮತ್ತು ಪಾರ್ವಿಂಗ್ ಎಂಬ ವೈದ್ಯರು 1980ರ ದಶಕದ ಆರಂಭದಲ್ಲಿ, ಒತ್ತಡವನ್ನು ಇಳಿಸಿದರೆ ಮಧುಮೇಹಿಗಳ ಮೂತ್ರಪಿಂಡದ ಕ್ಷಯವು ನಿಧಾನವಾಗುವುದೆಂದು ತೋರಿಸಿದರು.

1981ರಲ್ಲಿ ಅಮೆರಿಕದಲ್ಲಿ ಬಳಕೆಗೆ ಒಪ್ಪಿಗೆ ಪಡೆದ ಕ್ಯಾಪ್ಟೊಪ್ರಿಲ್, ನಾಳಗಳನ್ನು ಬಿಗಿಯಿಸುವ ಆಂಜಿಯೊಟೆನ್ಸಿನ್ ವಸ್ತುವಿನ ಉತ್ಪತ್ತಿಯನ್ನೇ ತಡೆಯುವಂತಹುದು. ಬ್ರೆಜಿಲಿನ ಒಂದು ಮಂಡಲದ ಹಾವಿನ ವಿಷದ ಅಧ್ಯಯನವು ಅದರ ಶೋಧಕ್ಕೆ ದಾರಿ ತೋರಿತ್ತು. ಅದು ಇದ್ದರೆ ಬೇರೆ ಔಷಧಗಳು ಅನಾವಶ್ಯಕವಾಗುವುವೆಂಬ ಆಸೆ ಹುಟ್ಟಬಹುದಾಗಿದ್ದಿತು. ಬ್ರಿಟನ್ನಿನಲ್ಲಿ ರಾಬರ್ಟ್ ಟರ್ನರ್ ಅವರು 1977ರಲ್ಲಿ ಆರಂಭಿಸಿದ ಮಧುಮೇಹ ಅಧ್ಯಯನದ ಫಲಿತಾಂಶವು ಬೇರೊಂದನ್ನು ತಿಳಿಸಿತು. ಅದರ ಅಂಗವಾಗಿ 1,148 ಮಂದಿಯ ರಕ್ತದೊತ್ತಡವನ್ನು ಪರೀಕ್ಷಿಸಲಾಗಿ, 1998ರಲ್ಲಿ ವಿವರಗಳು ಪ್ರಕಟವಾದವು. ಒತ್ತಡವನ್ನು 150/85ಕ್ಕಿಂತ ಕೆಳಗಿಡಲು ಯತ್ನಿಸಿದ ಪಂಗಡದಲ್ಲಿ ಮಧುಮೇಹಕ್ಕೆ ಸಂಬಂಧಿಸಿದ ಮರಣಗಳು ಶೇಕಡ 32ರಷ್ಟೂ, ಮಿದುಳಿನ ಆಘಾತಗಳು ಶೇಕಡ 44ರಷ್ಟೂ ಕಡಮೆಯಾಗಿದ್ದವು. ಕ್ಯಾಪ್ಟೊಪ್ರಿಲ್ಲಿನಿಂದ ಆರಂಭಿಸಿದರೂ ಅಟೆನೊಲಾಲ್ ಎಂಬ ಬೀಟಾ ತಡೆ ಔಷಧದಿಂದ ಆರಂಭಿಸಿದರೂ ಫಲವು ಸರಿಸಮವಾಗಿದ್ದಿತು. ಅಷ್ಟೇ ಅಲ್ಲದೆ, ಒಂಬತ್ತು ವರ್ಷಗಳ ತರುವಾಯ ಆ ಪಂಗಡದ ಶೇಕಡ 29 ಮಂದಿಗೆ ಮೂರು ಅಥವಾ ಹೆಚ್ಚಿನ ಔಷಧಗಳು ಬೇಕಾದವು. ಹಲವು ಔಷಧಗಳು ಬೇಕಾದುದು ವೈದ್ಯರ ವೈಫಲ್ಯದಿಂದಲ್ಲ, ರೋಗದ ಸ್ವಭಾವದಿಂದ ಎಂಬ ನಿರ್ಣಯಕ್ಕೆ ನಾವು ಬರುವುದು ಈ ಆಧಾರದಿಂದಲೇ.

2007ರಲ್ಲಿ ಪ್ರಕಟವಾದ ಅಡ್ವಾನ್ಸ್ ಅಧ್ಯಯನವು ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಭಾರತವೂ ಸೇರಿದಂತೆ 20 ದೇಶಗಳ 11,140 ಮಧುಮೇಹಿಗಳು ಅದರಲ್ಲಿದ್ದರು. ಪೆರಿಂಡೊಪ್ರಿಲ್ ಮತ್ತು ಇಂಡಪಮೈಡ್‌ಗಳನ್ನು ಒಂದೇ ಮಾತ್ರೆಯಲ್ಲಿ ಕೊಟ್ಟಾಗ ಒಟ್ಟು ಮರಣಗಳು ಶೇಕಡ 14ರಷ್ಟು ತಗ್ಗಿದವು.

ಹಾಗಾದರೆ ಔಷಧಗಳು ಹೆಚ್ಚಿದಷ್ಟೂ ಹಿತವೆ? ಚರಿತ್ರೆಯು ಇದನ್ನು ಒಪ್ಪುವುದಿಲ್ಲ. ಆಂಜಿಯೊಟೆನ್ಸಿನ್ನಿನ ಮಾರ್ಗವನ್ನೇ ಎರಡು ಕಡೆ ತಡೆಯುವ ರಾಮಿಪ್ರಿಲ್ ಮತ್ತು ಟೆಲ್ಮಿಸಾರ್ಟನ್‌ಗಳನ್ನು ಕೂಡಿಸಿ ಕೊಟ್ಟ ಪರೀಕ್ಷೆಯಲ್ಲಿ, ಹೆಚ್ಚಿನ ಪ್ರಯೋಜನವೇನೂ ಕಾಣದೆ ಮೂತ್ರಪಿಂಡದ ತೊಂದರೆಗಳು ಹೆಚ್ಚಿದುದು 2008ರಲ್ಲಿ ವ್ಯಕ್ತವಾಯಿತು. ಅಮೆರಿಕದ ಮಾಜಿ ಯೋಧರಲ್ಲಿ, ಮೂತ್ರಪಿಂಡವು ಕೆಟ್ಟಿದ್ದ 1,448 ಮಧುಮೇಹಿಗಳ ಮೇಲೆ ನಡೆದ ಇಂತಹುದೇ ಪರೀಕ್ಷೆಯನ್ನು ಅಪಾಯದ ಕಾರಣದಿಂದ ಅವಧಿಗೆ ಮುಂಚೆಯೇ ನಿಲ್ಲಿಸಬೇಕಾಯಿತೆಂದು 2013ರ ವರದಿಯು ತಿಳಿಸುತ್ತದೆ. ಕೂಡಿಸಿದ ಔಷಧಗಳ ಸಂಖ್ಯೆಗಿಂತ ಅವುಗಳ ಕಾರ್ಯಮಾರ್ಗಗಳ ಭಿನ್ನತೆಯೇ ಮುಖ್ಯವೆಂಬ ತತ್ತ್ವವು, 1967ರ ಪರೀಕ್ಷೆಯಲ್ಲಿ ಗೂಢವಾಗಿದ್ದುದು, ಹೀಗೆ ಹಾನಿಯ ಮೂಲಕ ಸ್ಪಷ್ಟವಾಯಿತು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ರಕ್ತದೊತ್ತಡದ ಸಂಯುಕ್ತ ಮಾತ್ರೆಗಳನ್ನು ತನ್ನ ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿದಾಗ ಭಿನ್ನ ಮಾರ್ಗಗಳ ಜೋಡಿಗಳನ್ನೇ ಆರಿಸಿದುದು ಗಮನಾರ್ಹ.

ಕೊನೆಯದಾಗಿ ಒಂದು ಸಂಗತಿಯನ್ನು ಹೇಳಬೇಕಾಗುತ್ತದೆ. ಬ್ರಿಟನ್ನಿನ ಅದೇ ಅಧ್ಯಯನದ ರೋಗಿಗಳನ್ನು ಅನಂತರವೂ ಗಮನಿಸುತ್ತ ಬರಲಾಗಿ, ಪರೀಕ್ಷೆ ಮುಗಿದ ಎರಡು ವರ್ಷಗಳೊಳಗೆ ಎರಡು ಪಂಗಡಗಳ ಒತ್ತಡವೂ ಸಮವಾಯಿತೆಂದೂ, ಮೊದಲು ದೊರೆತ ಲಾಭವು ಮುಂದೆ ಉಳಿಯಲಿಲ್ಲವೆಂದೂ 2008ರಲ್ಲಿ ತಿಳಿದುಬಂದಿತು. ಹಿಂದಿನ ವರ್ಷಗಳ ಚಿಕಿತ್ಸೆ ಮುಂದಿನ ವರ್ಷಗಳನ್ನು ಕಾಯಲಾರದು. ಆದುದರಿಂದ ತಕ್ಕ ಜೋಡಿಯನ್ನು ಆರಿಸುವುದು ವೈದ್ಯರ ಹೊಣೆಯಾದರೆ, ಅದು ಬಡ ರೋಗಿಗೂ ತಿಂಗಳು ತಿಂಗಳೂ ತಪ್ಪದೆ ದೊರೆಯುವಂತೆ ಮಾಡುವುದು ಸಮಾಜದ ಹೊಣೆಯೆಂದು ನಾವು ಭಾವಿಸುತ್ತೇವೆ.