ಹೊಟ್ಟೆ ಗಟ್ಟಿ ಮಾಡೋದು: ಗರಡಿ ಮಣ್ಣಿನಿಂದ ಪ್ಲ್ಯಾಂಕ್‌ವರೆಗೆ

ಬೆಳಗ್ಗೆ ಐದೂವರೆಗೆ ನಮ್ಮ ಹೈಸ್ಕೂಲ್ ಮೈದಾನಕ್ಕೆ ಹೋದರೆ ಹತ್ತು ಹನ್ನೆರಡು ಹುಡುಗರು ಸಿಗುತ್ತಾರೆ. ಪೊಲೀಸ್ ಕಾನ್‌ಸ್ಟೇಬಲ್ ನೇಮಕಾತಿಗೆ ತಯಾರಿ. ಓಟ, ಜಿಗಿತ, ಗುಂಡು ಎಸೆತ ಆದಮೇಲೆ ಒಬ್ಬ ಇನ್ನೊಬ್ಬನ ಕಾಲು ಅದುಮಿ ಹಿಡಿಯುತ್ತಾನೆ, ಅವನು ದಬದಬ ಸಿಟ್-ಅಪ್ ಹೊಡೆಯುತ್ತಾನೆ. ನೂರು ಆಗಲೇಬೇಕು. ಪರೀಕ್ಷೆಯಲ್ಲಿ ಇಲ್ಲದ್ದನ್ನು ಯಾಕಪ್ಪಾ ಮಾಡ್ತೀರಿ ಅಂತ ಕೇಳಿದರೆ, "ಸರ್, ಸಿಕ್ಸ್ ಪ್ಯಾಕ್" ಅಂತಾರೆ. ಅವರಲ್ಲಿ ಇಬ್ಬರು ಈಗ ಸೊಂಟ ಹಿಡಿದುಕೊಂಡು ಓಟವನ್ನೇ ಬಿಟ್ಟಿದ್ದಾರೆ. ನೌಕರಿಗೆ ಅಂತ ಶುರು ಮಾಡಿದ್ದು ನೌಕರಿಗೇ ಕುತ್ತು ತರುವ ಹಾಗಾಗಿದೆ.

ಅದೇ ಮೈದಾನದ ಹಿಂದೆ ಒಂದು ಹಳೇ ಗರಡಿ ಮನೆ ಇದೆ. ಬಾಗಿಲಿಗೆ ಬೀಗ, ಒಳಗೆ ಗಣಪತಿ ಪೆಂಡಾಲಿನ ಕಂಬಗಳು. ಹೊಸದಾಗಿ ಸಾಮು ಶುರು ಮಾಡುವವನು ಎಲ್ಲಿಂದ ಶುರು ಮಾಡಬೇಕು ಅನ್ನೋದನ್ನು ನಮ್ಮವರು ಬಹಳ ಹಿಂದೆಯೇ ಯೋಚಿಸಿದ್ದರು. ಅದನ್ನು ಹೇಳೋಣ ಅಂತ ಈ ಬರಹ.

ಬಸವಕಲ್ಯಾಣ ಆಗ ಬರೀ ಕಲ್ಯಾಣ, ಚಾಲುಕ್ಯರ ರಾಜಧಾನಿ. ಅಲ್ಲಿಂದ ಆಳಿದ ಮೂರನೇ ಸೋಮೇಶ್ವರ ಸುಮಾರು 1130ರ ಹೊತ್ತಿಗೆ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಬರೆಸಿದ. ಅಡುಗೆಯಿಂದ ಆನೆಯವರೆಗೆ ಎಲ್ಲವೂ ಇರುವ ಗ್ರಂಥ ಅದು. ಅದರಲ್ಲಿ 'ಮಲ್ಲವಿನೋದ' ಅಂತ ಕುಸ್ತಿಯ ಭಾಗವೇ ಬೇರೆ. ಪೈಲ್ವಾನರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ಮೂರು ದರ್ಜೆ ಮಾಡಿದ್ದಾರೆ: ಜ್ಯೇಷ್ಠಿಕ, ಅಂತರ್‌ಜ್ಯೇಷ್ಠಿಕ, ಗೋವಲ. ಊಟ ಏನು, ಸಾಮು ಯಾವುದು ಅನ್ನೋದೂ ಇದೆ. ಭಾರಶ್ರಮ ಅಂದರೆ ಮರಳು ಚೀಲದಂಥ ಭಾರ ಎತ್ತುವುದು. ಭ್ರಮಣಶ್ರಮ ನಡೆಯುವುದು, ಸಲಿಲಶ್ರಮ ಈಜುವುದು, ಸ್ತಂಭಶ್ರಮ ಕಂಬ ಹತ್ತಿ ಮಾಡುವ ಸಾಮು. ನಮ್ಮ ಕಡೆ ಜಾತ್ರೆಯಲ್ಲಿ ಚೀಲ ಎತ್ತುವವರನ್ನೂ ಸಂಗ್ರಾಣಿ ಕಲ್ಲು ಎತ್ತುವವರನ್ನೂ ನೋಡಿದಾಗ ನಮಗೆ ನೆನಪಾಗೋದು ಈ ಭಾರಶ್ರಮವೇ. ಇವುಗಳಲ್ಲಿ ಹೊಟ್ಟೆಗೆ ಅಂತ ಬೇರೆ ಕಸರತ್ತಿಲ್ಲ. ಆದರೆ ಹೊಟ್ಟೆ ಬಿಗಿ ಹಿಡಿಯದೆ ಯಾರಿಂದಲೂ ಭಾರ ಎತ್ತೋಕೆ ಆಗಲ್ಲ, ಎತ್ತಿ ನೋಡಿದವರಿಗೆ ಗೊತ್ತು.

ಗರಡಿಯ ದಂಡವೂ ಹಾಗೆಯೇ. ಅಂಗೈ, ಕಾಲ್ಬೆರಳು ಊರಿ ಮೈ ಇಳಿಸಿ ಎತ್ತುತ್ತಾರೆ. ನೋಡುವವರ ಕಣ್ಣು ತೋಳಿನ ಮೇಲೆ, ಆದರೆ ನಡುವನ್ನು ಜೋತು ಬೀಳದ ಹಾಗೆ ಹಿಡಿದಿರುವುದು ಹೊಟ್ಟೆ.

1900ರ ಆಸುಪಾಸಿಗೆ ಯುರೋಪಿನ ಗಾಳಿ ಬೀಸಿತು. ಸ್ಯಾಂಡೋ ಎಂಬ ಜಟ್ಟಿಯ ಹೆಸರು ಇಲ್ಲೆಲ್ಲ ಕೇಳಿಬಂತು, ಬನಿಯನ್ನಿಗೂ ಅದೇ ಹೆಸರು ಬಂದಿದೆ ನೋಡಿ. ಔಂಧ್ ಸಂಸ್ಥಾನದ ರಾಜ ಭವಾನರಾವ್ ಪಂತ್ ಪ್ರತಿನಿಧಿ ಮೊದಲು ಸ್ಯಾಂಡೋ ಪದ್ಧತಿಯಲ್ಲೇ ಮೈ ಬೆಳೆಸಿದವರು. ಆಮೇಲೆ ಅದನ್ನು ಬಿಟ್ಟು ಸೂರ್ಯನಮಸ್ಕಾರಕ್ಕೆ ಬಂದರು, ಪುಸ್ತಕ ಬರೆದರು, ತಮ್ಮ ಶಾಲೆಗಳಲ್ಲಿ ಮಕ್ಕಳಿಗೆ ಕಡ್ಡಾಯ ಮಾಡಿದರು. ಔಂಧ್ ಇರೋದು ಸಾತಾರಾ ಜಿಲ್ಲೆಯಲ್ಲಿ, ಆದರೆ ವಿಜಯಪುರ ಕಡೆಯ ಗುಣದಾಳವೂ ಆ ಸಂಸ್ಥಾನಕ್ಕೆ ಸೇರಿತ್ತು.

ಬೆಂಗಳೂರಿನಲ್ಲಿ ಕೆ.ವಿ. ಅಯ್ಯರ್ ಹರ್ಕ್ಯುಲಸ್ ಜಿಮ್ನೇಷಿಯಂ ನಡೆಸಿದರು. 'ಶಾಂತಲಾ' ಕಾದಂಬರಿ ಬರೆದ ಅದೇ ಅಯ್ಯರ್! ಭಾರ ಎತ್ತುವುದನ್ನೂ ಆಸನಗಳನ್ನೂ ಜೊತೆಗೇ ಕಲಿಸಿದರು. ದೂರದವರಿಗೆ ಅಂಚೆಯಲ್ಲಿ ಪಾಠ ಕಳಿಸುತ್ತಿದ್ದರು. ಈಗಿನ ಆನ್‌ಲೈನ್ ಕೋಚ್‌ಗಳಿಗೆ ಅವರೇ ಅಜ್ಜ ಅನ್ನಬಹುದು.

ಮೈಸೂರಲ್ಲಿ ಚಿತ್ರದುರ್ಗ ಸೀಮೆಯಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಕಲಿಸಿದರು. ಬಿ.ಕೆ.ಎಸ್. ಅಯ್ಯಂಗಾರ್ ಅವರ ಶಿಷ್ಯರು. ಕೃಷ್ಣಮಾಚಾರ್ಯರ 'ಯೋಗಮಕರಂದ' 1934ರಲ್ಲಿ, 'ಯೋಗಾಸನಗಳು' 1941ರಲ್ಲಿ ಬಂದವು, ಎರಡೂ ಕನ್ನಡದಲ್ಲಿ. ಎರಡನೆಯದರಲ್ಲಿ ಆಸನಗಳನ್ನು ಮೂರು ಮೆಟ್ಟಿಲು ಮಾಡಿ ಪಟ್ಟಿ ಕೊಟ್ಟಿದ್ದಾರೆ, ಹೊಸಬರಿಗೆ ಯಾವುದು, ಪಳಗಿದವರಿಗೆ ಯಾವುದು ಅಂತ. ಕಲ್ಯಾಣದ ಮೂರು ದರ್ಜೆ ಒಂದು ಸಲ ನೆನಪಿಸಿಕೊಳ್ಳಿ. ರೀಲ್ಸ್‌ನಲ್ಲಿ ಈ ಮೆಟ್ಟಿಲೇ ಇಲ್ಲ. ಹತ್ತು ವರ್ಷ ತಾಲೀಮು ಮಾಡಿದವನ ಕೊನೇ ಮೆಟ್ಟಿಲಿನ ಮೇಲೆ ನಮ್ಮ ಹುಡುಗ ಮೊದಲ ದಿನವೇ ಕಾಲಿಡುತ್ತಾನೆ.

ಸಿಟ್-ಅಪ್‌ಗೆ ದೊಡ್ಡ ಹೆಸರು ಬಂದಿದ್ದು ಮಿಲಿಟರಿ ಮತ್ತು ಶಾಲೆಗಳಿಂದ. ಅಮೆರಿಕದ ಸೇನೆ 1980ರಲ್ಲಿ ತಂದ ಪರೀಕ್ಷೆಯಲ್ಲಿ ಎರಡು ನಿಮಿಷ ಸಿಟ್-ಅಪ್ ಇತ್ತು. ಆಮೇಲೆ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸ್ಟುವರ್ಟ್ ಮೆಕ್‌ಗಿಲ್ ಬೆನ್ನುಮೂಳೆಯ ಮೇಲೆ ಬೀಳುವ ಒತ್ತಡ ಲೆಕ್ಕ ಹಾಕಿದರು. ಒಂದು ಸಿಟ್-ಅಪ್‌ಗೆ ಸುಮಾರು 3,300 ನ್ಯೂಟನ್, ಅಂದರೆ ಮುನ್ನೂರು ಕಿಲೋಗೂ ಮಿಕ್ಕ ಭಾರ. ಅದನ್ನು ನೂರು ಸಲ, ಅದೂ ಬಾಗಿದ ಬೆನ್ನಿಗೆ! ಅಮೆರಿಕದ ನೌಕಾಪಡೆ 2021ರಲ್ಲಿ ಅಂಥದ್ದನ್ನು ಕೈಬಿಟ್ಟು ಪ್ಲ್ಯಾಂಕ್ ತಂದಿತು, ಭೂಸೇನೆಯಲ್ಲೂ 2022ರಿಂದ ಹೊಟ್ಟೆಯ ಪರೀಕ್ಷೆಗೆ ಪ್ಲ್ಯಾಂಕ್. ಪ್ಲ್ಯಾಂಕ್ ಅಂದರೆ ಮೊಣಕೈ, ಕಾಲ್ಬೆರಳು ಊರಿ ಹಲಗೆ ಹಾಗೆ ನೇರ ನಿಲ್ಲುವುದು. ದಂಡ ಹೊಡೆಯುವವನು ಅರ್ಧದಲ್ಲಿ ನಿಂತರೆ ಹೆಚ್ಚುಕಡಿಮೆ ಅದೇ.

ಹಾಗಾದರೆ ಇವತ್ತೇ ಶುರು ಮಾಡುವವರು? ಮೊದಲು ಮೊಣಕಾಲು ಊರಿಕೊಂಡೇ ಪ್ಲ್ಯಾಂಕ್ ಮಾಡಿ, ಹತ್ತು ಸೆಕೆಂಡು ಸಾಕು. ಉಸಿರು ಕಟ್ಟಬೇಡಿ. ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಹತ್ತು, ಹೀಗೆ ಐದಾರು ಸಲ. ನಡು ಜೋತು ಬಿದ್ದ ಕ್ಷಣ ನಿಲ್ಲಿಸಿ, ಆಮೇಲೆ ಮಾಡಿದ್ದು ಸೊಂಟಕ್ಕೇ ಹೊರೆ. ಮೆಕ್‌ಗಿಲ್ ಹೇಳಿದ ಇನ್ನೊಂದು: ಅಂಬೆಗಾಲಿಟ್ಟ ಮಗುವಿನ ಹಾಗೆ ನಿಂತು, ಬಲಗೈ ಮುಂದಕ್ಕೆ ಎಡಗಾಲು ಹಿಂದಕ್ಕೆ ಚಾಚಿ ಹಿಡಿಯುವುದು, ಆಮೇಲೆ ಇನ್ನೊಂದು ಬದಿ. ನೋಡೋಕೆ ಸುಲಭ, ಮಾಡಿದರೆ ನಮಗೇ ಕೈಕಾಲು ನಡುಗಿತು. ಹರ್ನಿಯಾ ಇದ್ದವರು, ಹೆರಿಗೆಯೋ ಹೊಟ್ಟೆಯ ಆಪರೇಷನ್ನೋ ಆಗಿ ಹೆಚ್ಚು ದಿನ ಆಗದವರು ಡಾಕ್ಟರನ್ನು ಕೇಳದೆ ಕೈ ಹಾಕಬೇಡಿ. ಇದರಿಂದ ಹೊಟ್ಟೆಯ ಬೊಜ್ಜು ಕರಗುತ್ತೆ ಅಂತಲೂ ನಂಬಬೇಡಿ. ಒಳಗಿನ ಸ್ನಾಯು ಗಟ್ಟಿಯಾಗುತ್ತದೆ, ಮೇಲಿನ ಕೊಬ್ಬಿಗೆ ಊಟ, ನಡಿಗೆ, ದುಡಿಮೆಯದೇ ಬೇರೆ ಲೆಕ್ಕ.

ಇದನ್ನೆಲ್ಲ ಮೈದಾನದ ಹುಡುಗರಿಗೆ ಹೇಳಿದೆವು. ಒಬ್ಬ ನಕ್ಕ, ಇನ್ನೊಬ್ಬ ಫೋನಿನಲ್ಲಿ ಟೈಮರ್ ಹಾಕಿ ಮಲಗಿದ. ನೂರು ಸಿಟ್-ಅಪ್ ಹೊಡೆಯುವವನು ನೇರ ನಿಂತದ್ದು ಹದಿನೆಂಟು ಸೆಕೆಂಡು. ಗರಡಿ ಮನೆಯ ಬೀಗದ ಕೈ ಯಾರ ಹತ್ತಿರ ಇದೆ ಅಂತ ಈಗ ಅವನೇ ವಿಚಾರಿಸುತ್ತಿದ್ದಾನೆ.