ವಾಲಿದ ದಪ್ಪಕ್ಷರದ ದಾರಿ

ಬಸ್ಸಿನ ಮೈಮೇಲೆ, ಅಂಗಡಿಯ ಹಲಗೆಯ ಮೇಲೆ, ಸಿನಿಮಾ ಪೋಸ್ಟರಿನಲ್ಲಿ ದಪ್ಪನೆಯ ಅಕ್ಷರಗಳು ಬಲಕ್ಕೆ ವಾಲಿ ನಿಂತಿದ್ದರೆ ಓಟದ ಭಾವ ಮೂಡುತ್ತದೆ. ಆದರೆ ಅಚ್ಚಿನ ಕನ್ನಡದ ರೂಢಿ ದುಂಡಗೆ, ನೆಟ್ಟಗೆ ನಿಲ್ಲುವುದು. ಈ ವಾಲಿಕೆ ಹೊರಗಿನಿಂದ ಬಂದದ್ದು.

ಸುರಪುರದ ಸೀಮೆಗೆ ಓರೆ ಬರಹದ ಪರಿಚಯ ಬೇರೊಂದು ಲಿಪಿಯಿಂದಲೂ ಆಗಿತ್ತು. ರಾಜಾ ವೆಂಕಟಪ್ಪ ನಾಯಕರ 1858ರ ಬಂಡಾಯ ಸೋತ ಮೇಲೆ, 1860ರಲ್ಲಿ ಬ್ರಿಟಿಷರು ಸಂಸ್ಥಾನವನ್ನು ಹೈದರಾಬಾದಿನ ನಿಜಾಮರಿಗೆ ಒಪ್ಪಿಸಿದರು. ಅಲ್ಲಿ 1884ರಲ್ಲಿ ಫಾರ್ಸಿಯ ಜಾಗಕ್ಕೆ ಉರ್ದು ಆಡಳಿತ ಭಾಷೆಯಾಗಿ ಬಂತು. ಉರ್ದುವಿನ ನಸ್ತಾಲೀಕ್ ಶೈಲಿಯಲ್ಲಿ ಪ್ರತಿ ಪದವೂ ಬಲಗಡೆ ಮೇಲಿನಿಂದ ಎಡಕ್ಕೆ ಇಳಿಜಾರಾಗಿ ಜಾರುತ್ತದೆ. ಅಂಥ ಬರಹವನ್ನು ಸೀಸದ ಮೊಳೆಗಳಲ್ಲಿ ಜೋಡಿಸುವುದು ಬಹಳ ಕಷ್ಟ. ಹಾಗಾಗಿ ಉರ್ದು ಮುದ್ರಣ ಬಹುಕಾಲ ಕಲ್ಲಚ್ಚನ್ನೇ ನೆಚ್ಚಿಕೊಂಡಿತು. 1948ರವರೆಗೂ ಸರ್ಕಾರದ ಅಕ್ಷರವೆಂದರೆ ಇಲ್ಲಿ ಅದೇ. 1956ರ ಏಕೀಕರಣದ ನಂತರವೇ ಕನ್ನಡ ಆಡಳಿತದ ಭಾಷೆಯಾಗುವ ದಾರಿ ತೆರೆದದ್ದು.

ಕನ್ನಡಕ್ಕೆ ಬಂದ ವಾಲಿಕೆ ಮಾತ್ರ ನಸ್ತಾಲೀಕಿನದಲ್ಲ, ರೋಮನ್ ಲಿಪಿಯದು. ವೆನಿಸ್ಸಿನ ಆಲ್ಡಸ್ ಮನೂಶಿಯಸ್ 1501ರಲ್ಲಿ ಇಟಾಲಿಕ್ ಮೊಳೆಯಲ್ಲಿ ಪುಸ್ತಕ ಅಚ್ಚು ಹಾಕಿದ. ಲಂಡನ್ನಿನ ನಾಲ್ಕನೆಯ ವಿಲಿಯಂ ಕ್ಯಾಸ್ಲನ್ 1816ರ ಸುಮಾರಿಗೆ, ಗೆರೆಯ ತುದಿಯಲ್ಲಿ ಕುಡಿ ಇಲ್ಲದ ಸಾನ್ಸ್ ಸೆರಿಫ್ ಮೊಳೆ ತೋರಿಸಿದ. ಇವೆರಡರ ಬೆರಕೆಗೆ ದಪ್ಪ ಸೇರಿದಾಗ ಜಾಹೀರಾತಿನವರಿಗೆ ಬೇಕಾದ ಅಕ್ಷರ ಸಿಕ್ಕಿತು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಶ್ರೀರಾಮಪುರದಲ್ಲಿ ಅಚ್ಚಾದದ್ದು ಅದರ ಮರುವರ್ಷ, 1817ರಲ್ಲಿ. ಕನ್ನಡದಲ್ಲಿ ಆ ಕುಡಿಯೇ ಇಲ್ಲ, ಇರುವುದು ತಲೆಕಟ್ಟು. ಅದನ್ನು ಕತ್ತರಿಸಿದರೆ ಅಕ್ಷರವೇ ಕೆಡುತ್ತದೆ. ಕುಂಚದ ಕಲಾವಿದರು ತಲೆಕಟ್ಟನ್ನು ಉಳಿಸಿಕೊಂಡೇ, ಗೆರೆಯನ್ನು ಒಂದೇ ದಪ್ಪಕ್ಕೆ ತಂದು ಓರೆ ಮಾಡಿದರು.

ಕಂಪ್ಯೂಟರಿಗೆ ಆ ವಿವೇಚನೆ ಇಲ್ಲ. ಗುಂಡಿ ಒತ್ತಿದರೆ ಇಡೀ ಸಾಲನ್ನು ಒಂದೇ ಕೋನಕ್ಕೆ ಬಗ್ಗಿಸುತ್ತದೆ. ಗೆರೆಯ ಮೇಲಿನದು ಬಲಕ್ಕೆ, ಕೆಳಗಿನದು ಎಡಕ್ಕೆ. ಸುರಪುರ, ಶಹಾಪುರ, ಯಾದಗಿರಿ ಈ ಮೂರು ಹೆಸರುಗಳಿಗೂ ಒತ್ತಕ್ಷರವಿಲ್ಲ, ಬದುಕಿಕೊಂಡವು! ಪಕ್ಕದ ಕಕ್ಕೇರಾದ ಒತ್ತು ಮಾತ್ರ ತನ್ನ ಅಕ್ಷರದ ಅಡಿಯಿಂದ ಹಿಂದಕ್ಕೆ ಸರಿಯುತ್ತದೆ. ಮೌನೇಶ್ವರರ ತಿಂಥಣಿಯ ಪಾಡು ಇನ್ನೂ ಬಿಗಿ. 'ಥ'ದ ನಡುವಿನ ಚುಕ್ಕೆ ದಪ್ಪದಲ್ಲಿ ಮುಚ್ಚಿಹೋದರೆ ದೂರದಿಂದ ನೋಡುವವರಿಗೆ ಅದು 'ಧ'.

ದಪ್ಪವೇ ದೋಷವೆನ್ನುವಂತಿಲ್ಲ. ಮುಂಬೈಯ ಏಕ್ ಟೈಪ್ ಸಂಸ್ಥೆಯ 'ಬಲೂ ತಮ್ಮ' ಫಾಂಟ್ ಬಹಳ ದಪ್ಪ. ಆದರೂ ಕನ್ನಡದ ತಿರುವುಗಳನ್ನು ನೋಡಿಯೇ ಬರೆದದ್ದರಿಂದ ಸಲೀಸಾಗಿ ಓದಬಹುದು. ವಾಲಿದ ಅಕ್ಷರಕ್ಕೂ ಇಂಥದೇ ಪ್ರತ್ಯೇಕ ಕೆಲಸ ಬೇಕು.

ನಾಮಫಲಕಗಳಲ್ಲಿ ಶೇ 60ರಷ್ಟು ಕನ್ನಡವಿರಬೇಕೆಂದು ರಾಜ್ಯ 2024ರಲ್ಲಿ ಕಾನೂನು ತಿದ್ದಿದೆ. ಅದು ಅಳೆಯುವುದು ಜಾಗವನ್ನು. ಆ ಜಾಗದಲ್ಲಿ ತಿಂಥಣಿಯ 'ಥ'ಕ್ಕೆ ಚುಕ್ಕೆ ಉಳಿದಿದೆಯೇ ಎಂದು ನೋಡುವ ಕೆಲಸ ಫಲಕ ಮಾಡಿಸುವವರದು.